ಅಡಿವೆಪ್ಪನ ರಿಯಲ್ ಟೈಮ್ ಸುದ್ದಿ

ಇಂಜಿನ್ನು ನೀರು ಕುಡಿಯುತ್ತಿದ್ದ ಕಾಲ ಅದು. ಕಲ್ಲಿದ್ದಲು ತಿಂದು, ಹೊಗೆ ಕಾರಿ, ಉತ್ತು ದಣಿದ ಎತ್ತಿನ ಹಾಗೆ ಬುಸುಗುಡುತ್ತ ಬಂದು ನಿಲ್ಲುವ ಇಂಜಿನ್ನು. ಅದಕ್ಕೆ ನೀರು ಕುಡಿಸುವ ಊರು ಕರಿಕಟ್ಟಿ. ಊರಲ್ಲಿ ಬೇರೆ ಏನಿತ್ತು ಅಂತ ಕೇಳಬೇಡಿ. ಒಂದು ಸ್ಟೇಶನ್ನು, ಒಂದು ನೀರಿನ ಟಾಕಿ, ಹಳಿ ದಾಟಿದರೆ ಒಂದು ದಿಬ್ಬ, ದಿಬ್ಬದ ಆಚೆ ನೀಲಗಂಗವ್ವನ ಖಾನಾವಳಿ. ಇಂಜಿನ್ನು ನೀರು ಕುಡಿದು ಮುಗಿಸುವುದರೊಳಗೆ ಮಂದಿ ಹಳಿ ದಾಟಿ, ದಿಬ್ಬ ಹತ್ತಿಳಿದು, ರೊಟ್ಟಿ ತಿಂದು, ಕೈ ತೊಳೆದು, ಓಡಿ ಹೋಗಿ ಗಾಡಿ ಹತ್ತಬೇಕು. ಹತ್ತುತ್ತಿದ್ದರು. ಆಗಿನ ಮಂದಿಗೆ ಹೊಟ್ಟೆಯೂ ಗಟ್ಟಿ, ಕಾಲೂ ಗಟ್ಟಿ.

ಲೋಕ ಸುತ್ತಿದವರನ್ನು ಕೇಳಿ ನೋಡಿ: ಗಾಡಿ ಎಲ್ಲ ದೇಶದಲ್ಲೂ ತಡವಾಗುತ್ತದೆ. ಕೆಲವು ಕಡೆ ಕ್ಷಮೆ ಕೇಳುತ್ತಾರೆ, ಕೆಲವು ಕಡೆ ಬೈಸಿಕೊಳ್ಳುತ್ತಾರೆ. ಕರಿಕಟ್ಟಿಯಲ್ಲಿ ಮಾತ್ರ ತಡವಾದ ಗಾಡಿಗೆ ಕಾದು ಕೂತು ರೊಟ್ಟಿ ಬಡಿಯುತ್ತಿದ್ದರು.

ಆದರೆ ಯಾವಾಗ ಬಡಿಯಬೇಕು? ಅದೇ ನೀಲಗಂಗವ್ವನ ತಲೆನೋವು. ಬೇಗ ಬಡಿದರೆ ರೊಟ್ಟಿ ಸೆಟೆದು ತೊಗಲಾಗುತ್ತದೆ. ತಡ ಮಾಡಿದರೆ ಸೀಟಿ ಆಗಿ ಮಂದಿ ಹಸಿದ ಹೊಟ್ಟೆಯಲ್ಲೇ ಓಡುತ್ತಾರೆ. ಗಾಡಿ ಈಗ ಎಲ್ಲೈತಿ? ಇದೊಂದು ಗೊತ್ತಾದರೆ ಸಾಕಾಗಿತ್ತು ಅವಳಿಗೆ.

ಅದರ ಮೇಲೊಂದು ಸುದ್ದಿ ಬಂತು. ಎಣ್ಣೆಯ ಇಂಜಿನ್ನು ಬರುತ್ತದಂತೆ. ಅದಕ್ಕೆ ನೀರಡಿಕೆಯೇ ಇಲ್ಲವಂತೆ! ಎಲೆ ಅಡಿಕೆ ಮಡಿಸಿ ಬಾಯಿಗೆ ಹಾಕುವಷ್ಟು ಹೊತ್ತು ನಿಂತು ಹೊರಟೇ ಬಿಡುತ್ತದಂತೆ. ಆಮೇಲೆ ದಿಬ್ಬ ಹತ್ತಿ ಬರುವವರು ಯಾರು? ಖಾನಾವಳಿಗೆ ಬೀಗವೇ ಗತಿ. ಒಂದೇ ದಾರಿ ಉಳಿದಿತ್ತು. ಪ್ಲಾಟ್‌ಫಾರ್ಮಿನ ಮೇಲೆಯೇ ಒಲೆ ಹೂಡಲು ಜಾಗ ಸಿಗಬೇಕು. ಅದನ್ನು ಕೊಡುವ ದೊಡ್ಡ ಸಾಹೇಬ ಒಂದು ದಿನ ಗಾಡಿಯಲ್ಲಿ ಬಂದು, ಉಂಡು, ನೋಡಿ ಹೇಳುತ್ತಾನೆ ಅಂತ ಸ್ಟೇಶನ್ ಮಾಸ್ತರ ಖಾಸನೀಸರು ತಿಳಿಸಿದರು. ಸಾಹೇಬ ಯಾವ ದಿನ ಬರುತ್ತಾನೋ, ಯಾರಿಗೆ ಗೊತ್ತು? ದಿನಾ ರೊಟ್ಟಿ ಬಿಸಿ ಇರಬೇಕು. ದಿನಾ ಗಾಡಿಯ ಖಬರು ಹೊತ್ತಿಗೆ ಸರಿಯಾಗಿ ಬರಬೇಕು.

ಖಬರು ತರುವವನು ಯಾರು? ಮಗ ಅಡಿವೆಪ್ಪ. ಮೀಸೆ ಬಂದ ಮಗ. ಕೊಬ್ಬರಿಯಂಥ ಮನಸ್ಸು, ಕೋಣನಂಥ ಮೈ. ತಲೆ ಮಾತ್ರ ಕವುಚಿ ಇಟ್ಟ ಗಡಿಗೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ದೊಡ್ಡ ಗುಣ, ಅದೇ ತಾಯಿಯ ಹಣೆಬರಹ.

"ಅಡಿವ್ಯಾ, ಹೋಗು, ಗಾಡಿ ಬಂತಾ ನೋಡ್ಕೊಂಡು ಬಾ."

ಹೋದ. ಗಾಡಿ ಬಂತು, ನೋಡಿದ. ಇಂಜಿನ್ನು ನೀರು ಕುಡಿಯಿತು, ನೋಡಿದ. ಮಂದಿ ಇಳಿದರು, ಹತ್ತಿದರು, ನೋಡಿದ. ಕಡೆಯ ಡಬ್ಬಿಯ ಕೆಂಪು ದೀಪ ಕಣ್ಣಿಗೆ ಮರೆಯಾಗುವ ತನಕ ನೋಡಿ ಮನೆಗೆ ಬಂದ.

"ಬಂದಿತ್ತವಾ! ಏನ್ ಚಂದ ಗಾಡಿ! ಹೋತು."

"ಹೋತಾ? ನಾ ಇನ್ನಾ ಹಿಟ್ಟು ನಾದಿಲ್ಲಲ್ಲೋ!"

"ನೋಡ್ಕೊಂಡು ಬಾ ಅಂದಿ. ಪೂರಾ ನೋಡ್ಕೊಂಡಽ ಬಂದೇನಿ."

"ನನ್ನ ಹಣೇಬಾರಾ! ಹೋದ ಗಾಡಿ ಖಬರು ತಗೊಂಡು ಒಲ್ಯಾಗ ಹಾಕ್ಲೇನು? ಕಂಡ ಕೂಡಲೇ ಹೇಳಬೇಕೋ ಖೋಡಿ, ಕಂಡ ಕೂಡಲೇ!"

"ಹಂಗಽ ಮಾಡ್ತೇನವಾ."

ಮರುದಿನ ಹೋದ. ದೂರದ ತಿರುವಿನಲ್ಲಿ ಹೊಗೆ ಕಂಡಿತು. ಕಂಡ ಕೂಡಲೇ ಹೇಳಿದ, "ಗಾಡಿ ಬಂತು!" ಎದುರಿಗಿದ್ದದ್ದು ಒಂದು ಆಡು. ಅದು ಇವನ ಮುಖ ನೋಡಿ ಪೋಸ್ಟರಿನ ಚೂರು ಅಗಿಯಿತು. ಹೇಳುವುದು ಹೇಳಿ ಆಯಿತಲ್ಲ, ಅಡಿವೆಪ್ಪ ನೆರಳಿಗೆ ಹೋಗಿ ಮಲಗಿದ.

ಸಂಜೆ ತಾಯಿ ಕಿವಿ ಹಿಡಿದು ಎಬ್ಬಿಸಿದಳು. "ಯಾಕೋ ಹೇಳಲಿಲ್ಲ?"

"ಹೇಳಿದೆನಲ್ಲವಾ! ಕಂಡ ಕೂಡಲೇ ಹೇಳಿದೆ! ಆವಾಗ ನೀನಽ ಅಲ್ಲಿರಲಿಲ್ಲ!"

"ಹುಚ್ಚಪ್ಯಾಲಿ! ಆಡಿಗೆ ಹೇಳಿದ್ರ ಆಡು ರೊಟ್ಟಿ ಬಡೀತೈತೇನು? ನನ್ನ ಮುಂದ ಬಂದು ಹೇಳಬೇಕು!"

"ಹಂಗಽ ಮಾಡ್ತೇನವಾ."

ಮರುದಿನ ಹೊಗೆ ಕಂಡದ್ದೇ ತಡ, ಹಳಿ ಹಾರಿ, ದಿಬ್ಬ ಹತ್ತಿ, ಜಾರಿ ಬಿದ್ದು, ಎದ್ದು, ಧೋತರದ ಚುಂಗು ಮುಳ್ಳಿಗೆ ಸಿಕ್ಕಿ, ಬಿಡಿಸಿಕೊಂಡು, ಒಲೆಯ ಮುಂದೆ ಬಂದು ನಿಂತು ಏದುಸಿರಲ್ಲಿ ಅಂದ, "ಅವ್ವಾ! ಗಾಡಿ ತಿರುವಿನ್ಯಾಗ ಐತಿ!"

"ತಿರುವಿನ್ಯಾಗ? ಹಂಗಾದ್ರ ಇನ್ನೂ ಹೊತ್ತೈತಿ," ಅಂತ ನೀಲಗಂಗವ್ವ ಸಾವಕಾಶ ಸೆರಗು ಸಿಕ್ಕಿಸುವುದರೊಳಗೆ ಬಾಗಿಲಲ್ಲಿ ಮಂದಿಯ ಹಿಂಡು! "ರೊಟ್ಟೀ! ರೊಟ್ಟೀ! ಲಗೂನ!" ಹಂಚು ಇನ್ನೂ ತಣ್ಣಗಿತ್ತು. ಇವನು ಬೀಳುತ್ತ ಏಳುತ್ತ ಬರುವಷ್ಟರಲ್ಲಿ ಗಾಡಿ ಬಂದು ನಿಂತು ಅರ್ಧ ನೀರು ಕುಡಿದಿತ್ತು.

ಅವತ್ತು ಖಾಸನೀಸ್ ಮಾಸ್ತರರೂ ಹಸಿದೇ ಉಳಿದರು. ಅವರು ಆಗಷ್ಟೇ ದೊಡ್ಡ ಊರಿಗೆ ಹೋಗಿ ತರಬೇತಿ ಮುಗಿಸಿ ಬಂದವರು, ಹೊಸ ಶಬ್ದ ಕಲಿತು ಬಂದವರು. ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ ಅದನ್ನು ಎಲ್ಲರಿಗೂ ತೋರಿಸುತ್ತ ತಿರುಗುತ್ತಿದ್ದರು.

"ನೀಲಗಂಗವ್ವಾ, ನಿಮಗ ಬೇಕಾದ್ದು ರಿಯಲ್ ಟೈಮ್ ಮಾಹಿತಿ."

"ಅದೆಂಥಾ ಕಾಯಿಪಲ್ಲೆರೀ ಮಾಸ್ತರ?"

"ಕಾಯಿಪಲ್ಲೆ ಅಲ್ಲವಾ. ಆಗೂದನ್ನ ಆಗಾಕತ್ತಾಗಽ ತಿಳಕೊಳ್ಳೂದು. ನಿಮ್ಮ ಮಗ ತಂದ ಸುದ್ದಿ ಹೊಂಟಾಗ ಖರೆ ಇತ್ತು, ಬರೂದ್ರೊಳಗ ಸುಳ್ಳಾತು. ಹೇಳೂ ಹೊತ್ತಿಗೆ ಖರೆ ಇರಬೇಕು. ಅದಕ್ಕ ರಿಯಲ್ ಟೈಮ್ ಅಂತಾರ."

"ತಿಳೀತು ಬಿಡ್ರಿ. ಹಂಚಿನ ಮ್ಯಾಲಿಂದ ಸೀದಾ ಗಂಗಾಳಕ್ಕ. ನಡುವ ಬುಟ್ಟ್ಯಾಗ ಇಡೂಹಂಗಿಲ್ಲ."

"ಬರೋಬ್ಬರಿ!" ಅಂದರು ಮಾಸ್ತರರು. ತರಬೇತಿಯಲ್ಲಿ ಅವರಿಗೆ ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ.

ನೀಲಗಂಗವ್ವ ಮಗನನ್ನು ಎದುರಿಗೆ ಕೂರಿಸಿಕೊಂಡಳು. "ಕೇಳಪ್ಪಾ. ಹಳೇ ಸುದ್ದಿ ತರಬ್ಯಾಡ. ನನ್ನ ಮುಂದ ನಿಂತು ಬಾಯಿ ತೆರೆದಾಗ ಯಾವುದು ಖರೆ ಐತೋ ಅದನ್ನಽ ಹೇಳು. ತಿಳೀತಾ?"

"ತಿಳೀತವಾ. ಹಂಗಽ ಮಾಡ್ತೇನಿ."

ಮರುದಿನ ಓಡಿ ಬಂದ. ಒಲೆಯ ಮುಂದೆ ನಿಂತ. ಬಾಯಿ ತೆರೆದ.

"ಅವ್ವಾ! ನೀ ಒಲೀ ಮುಂದ ಕುಂತೀದಿ!"

"ಹೂಂ?"

"ಕೈಯಾಗ ಹಿಟ್ಟೈತಿ! ಮೂಗಿಗೂ ಹಿಟ್ಟು ಹತ್ತೈತಿ!"

"ಗಾಡಿ ಎಲ್ಲೈತೋ?"

"ಬೆಕ್ಕು ಮೊಸರಿನ ಗಡಿಗ್ಯಾಗ ಬಾಯಿ ಹಾಕೈತಿ! ಅರ್ಧ ತಿಂದೈತಿ!"

"ಅಯ್ಯ ಇದರ! ಹಚಾ! ಗಾಡಿ, ಗಾಡಿ ಸುದ್ದಿ ಹೇಳೋ!"

"ಗಾಡಿ ಇಲ್ಲಿಂದ ಕಾಣಸೂದಿಲ್ಲವಾ. ಕಾಣದ್ದು ಹೆಂಗ ಹೇಳ್ಲಿ? ಅಲ್ಲಿದ್ದಾಗ ಕಂಡಿತ್ತು, ಅದು ಹಳೇದಾತು. ನೀ ಬಯ್ತಿ!"

ನೀಲಗಂಗವ್ವ ಊದುಗೊಳವೆ ಎತ್ತಿದಳು, ಮತ್ತೆ ಕೆಳಗಿಟ್ಟಳು. ಅವನು ಹೇಳಿದ್ದರಲ್ಲಿ ಒಂದಾದರೂ ಸುಳ್ಳಿತ್ತೇ? ಎಷ್ಟೋ ಶಾಣ್ಯಾ ಮಂದಿಗೆ ಅನ್ನ ಹಾಕಿದವಳು ಅವಳು. ಹೊಡೆಯುವುದಕ್ಕೆ ಕಾರಣ ಹುಡುಕಿದಳು, ಸಿಗಲಿಲ್ಲ.

ಮತ್ತೆ ಮಾಸ್ತರರೇ ತಲೆ ಓಡಿಸಿದರು. "ದಿಬ್ಬದ ಮ್ಯಾಲೆ ನಿಂದರಸ್ರಿ. ಅಲ್ಲಿಂದ ತಿರುವೂ ಕಾಣತೈತಿ, ಅವನ ದನಿ ನಿಮಗೂ ಕೇಳಸತೈತಿ. ನೋಡ್ತಾ ನೋಡ್ತಾ ಒದರಲಿ."

"ಅಡಿವ್ಯಾ, ದಿಬ್ಬದ ಮ್ಯಾಲೆ ನಿಂದರು. ಕಂಡದ್ದನ್ನ ಕಂಡಂಗಽ, ಬಾಯಿ ಮುಚ್ಚದಽ, ಜೋರಾಗಿ ಒದರು!"

"ಹಂಗಽ ಮಾಡ್ತೇನವಾ!"

ಅಬ್ಬಾ, ಅಲ್ಲಿಂದ ಮುಂದಿನ ದಿನಗಳು! ಕರಿಕಟ್ಟಿಯ ಸುವರ್ಣಯುಗ ಅಂದರೆ ಅದೇ. ಹೊತ್ತು ನೆತ್ತಿಗೆ ಬರುತ್ತಲೇ ದಿಬ್ಬದ ಮೇಲಿಂದ ಕಹಳೆಯಂಥ ದನಿ: "ಹೊಗಿ ಕಂಡಿತವ್ವೋ!" ನೀಲಗಂಗವ್ವ ಹಿಟ್ಟಿಗೆ ಬಿಸಿನೀರು ಸುರಿಯುತ್ತಿದ್ದಳು. "ಸಿಗ್ನಲ್ ಕೈಕಂಬ ಬಿತ್ತವ್ವೋ!" ಒಲೆಗೆ ಕಟ್ಟಿಗೆ ದೂಡುತ್ತಿದ್ದಳು. "ಹಳ್ಳದ ಸೇತುವೆ ಮ್ಯಾಲೆ ಬಂತವ್ವೋ!" ಟಪ ಟಪ ಟಪ, ರೊಟ್ಟಿ ತಟ್ಟುವ ಸದ್ದು. "ನಿಂತಿತವ್ವೋ!" ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ಮಂದಿ ಬಾಗಿಲಿಗೆ ಬರುವ ಹೊತ್ತಿಗೆ ರೊಟ್ಟಿಯ ಆವಿ ಅವರ ಮುಖಕ್ಕೇ ಹೊಡೆಯುತ್ತಿತ್ತು. ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಈಗಿನ ಕಾಲದಲ್ಲಿ ಎಲ್ಲರ ಅಂಗೈಯ ಫೋನಿನಲ್ಲೂ ಗಾಡಿ ಒಂದು ನೀಲಿ ಚುಕ್ಕೆಯಾಗಿ ಹರಿದಾಡುತ್ತದೆ. ಬರುವುದು ಗೊತ್ತು, ನಿಂತದ್ದು ಗೊತ್ತು, ತಡವಾದದ್ದು ಗೊತ್ತು. ತಿನ್ನಲು ಸಿಗುವುದು ಮಾತ್ರ ಬೆಳಿಗ್ಗೆ ಕಟ್ಟಿಟ್ಟ ಪೊಟ್ಟಣ.

ಆದರೆ ಕಂಡದ್ದನ್ನೆಲ್ಲ ಒದರು ಅಂದಿದ್ದಳಲ್ಲ ತಾಯಿ. ಗಾಡಿ ಹೋದ ಮೇಲೂ ಕಣ್ಣು ಕಾಣುತ್ತದೆಯಲ್ಲ!

"ಮಾಸ್ತರ ಟೇಬಲ್ ಮ್ಯಾಲೆ ಕಾಲಿಟ್ಟು ಗೊರಕಿ ಹೊಡ್ಯಾಕತ್ತಾರವ್ವೋ! ಶಂಕ್ರೆಮ್ಮ ತನ್ನ ಅತ್ತಿಗೆ ಕಾಣದಂಗ ಬೆಲ್ಲ ತಿನ್ನಾಕತ್ತಾಳವ್ವೋ! ಅತ್ತಿ ಹಿಂದಽ ನಿಂತಾಳವ್ವೋ! ಈಗ ಜುಟ್ಟು ಹಿಡಿದ್ಲವ್ವೋ!"

ಜಗಳ ದೂರದಲ್ಲಿದೆ ಅನ್ನಿಸಿ, ಸರಿಯಾಗಿ ಕಾಣಲಿ ಅಂತ ಇಳಿದು ಹೋಗಿ ಅತ್ತೆ ಸೊಸೆಯ ನಡುವೆಯೇ ನಿಂತು ಒದರಿದ. ಅತ್ತೆ ಎಸೆದ ಕೊಡ ಸೊಸೆಗೆ ತಾಗಲಿಲ್ಲ, ಇವನ ಹಣೆಗೆ ತಾಗಿತು. "ಈಗ ನನ್ನ ತಲಿ ಒಡೀತವ್ವೋ!" ಅಂತ ಅದನ್ನೂ ಒದರಿದ.

ಊರೆಲ್ಲ ಖಾನಾವಳಿಗೆ ಬಂತು. ಅತ್ತೆ ಸೊಸೆ ಒಂದಾಗಿ ಬಂದರು.

"ನಿನ್ನ ಮಗನ ಬಾಯಿಗೆ ಬೆಣಿ ಬಡಿ!"

ನೀಲಗಂಗವ್ವ ಮಗನ ಹಣೆಗೆ ಅರಿಸಿನ ಒತ್ತಿ ಪಟ್ಟಿ ಕಟ್ಟುತ್ತ ಬೈದಳು. "ಎಲ್ಲಾರ ಸುದ್ದಿ ಎಲ್ಲಾರಿಗೂ ಒದರತಾರೇನೋ? ಯಾರ ಸುದ್ದಿನೋ ಅವರ ಕಿವ್ಯಾಗ ಅಷ್ಟಽ ಹೇಳಬೇಕು. ಅದೂ ಸಣ್ಣ ದನಿಲೆ. ಮತ್ತ ಕೇಳು, ನಿನ್ನ ಕೆಲಸ ಬರೇ ಹೇಳೂದು. ನಡುವ ಕೈಕಾಲು ಹಾಕಬ್ಯಾಡ!"

"ಯಾರ ಸುದ್ದಿ ಅವರ ಕಿವ್ಯಾಗ. ಸಣ್ಣ ದನಿ. ಕೈಕಾಲು ಹಾಕೂಹಂಗಿಲ್ಲ. ಹಂಗಽ ಮಾಡ್ತೇನವಾ."

ಮರುದಿನವೇ ಬಂದನಲ್ಲ ಸಾಹೇಬ! ಎಣ್ಣೆಯ ಇಂಜಿನ್ನಿನ ಮೊದಲ ಗಾಡಿಯಲ್ಲೇ ಬಂದ. ಆ ಇಂಜಿನ್ನಿನ ಕೂಗಿಗೆ ಊರೇ ನಡುಗಿತು, ಅಡಿವೆಪ್ಪ ಒದರುವ ಅಗತ್ಯವೇ ಬೀಳಲಿಲ್ಲ. ಕೂಗು ಕೇಳಿದ್ದೇ ನೀಲಗಂಗವ್ವ ರೊಟ್ಟಿ ತಟ್ಟಿದಳು. ಸಾಹೇಬ ಮಾಸ್ತರರ ಜೊತೆ ದಿಬ್ಬ ದಾಟಿ ಬಂದು ಕೂತ. ನನ್ನನ್ನು ಬಿಟ್ಟು ಗಾಡಿ ಹೋಗುತ್ತದೆಯೇ ಅನ್ನುವ ಗತ್ತಿನಲ್ಲಿ ಕಾಲು ಚಾಚಿ ಕೂತ. ಬಿಸಿ ರೊಟ್ಟಿ ಗಂಗಾಳಕ್ಕೆ ಬಿತ್ತು.

ಅಡಿವೆಪ್ಪ ಸಾಹೇಬನ ಕಿವಿಗೆ ಬಾಯಿ ಹಚ್ಚಿದ. "ಸಾಹೇಬ್ರ, ಈಗ ನೀವು ರೊಟ್ಟಿ ಮುರದ್ರಿ."

"ಹಾಂ?"

"ಈಗ ಎಣಗಾಯಾಗ ಅದ್ದಿದ್ರಿ. ಈಗ ಖಾರ ಹತ್ತೈತಿ, ನಿಮ್ಮ ಮೂಗು ಕೆಂಪಾತ್ರಿ."

"ಯಾರಮ್ಮಾ ಇವನು?"

"ನನ್ನ ಮಗ ರೀ ಸಾಹೇಬ್ರ... ಅಡಿವ್ಯಾ! ಇಲ್ಲೇನು ಕೆಲಸ ನಿಂದು? ಗಾಡಿ ಕಡೆ ನೋಡ್ಹೋಗು!"

ಹೋದ. ದಿಬ್ಬದ ಮೇಲೆ ನಿಂತ. ಮುಂದೆ ನಡೆದದ್ದು ನೀಲಗಂಗವ್ವನಿಗೆ ಆಮೇಲೆ ಕೇಳಿ ಗೊತ್ತಾದದ್ದು. ಗಾರ್ಡ್ ಹಸಿರು ನಿಶಾನಿ ಎತ್ತಿದ. ಸಾಹೇಬ ಮುಂದಿನ ಡಬ್ಬಿ ಹತ್ತಿರಬೇಕು ಅಂದುಕೊಂಡು ಎತ್ತಿದ. ಅಡಿವೆಪ್ಪ ಯೋಚಿಸಿದ. ಗಾಡಿ ಹೊರಟಿದೆ. ಇದು ಯಾರ ಸುದ್ದಿ? ಅವ್ವನ ಸುದ್ದಿ ಬರುವ ಗಾಡಿಯದು, ಹೋಗುವುದರದ್ದಲ್ಲ. ಸಾಹೇಬನ ಸುದ್ದಿ ರೊಟ್ಟಿಯದು, ಅದನ್ನು ಹೇಳಿ ಆಯಿತು. ಗಾಡಿ ಹೊರಡುವ ಸುದ್ದಿ ಗಾಡಿ ಹೊಡೆಯುವವನದೇ ಅಲ್ಲವೇ?

ದಿಬ್ಬ ಇಳಿದು ಓಡಿದ. ಅಲುಗಿದ ಇಂಜಿನ್ನಿನ ಮೆಟ್ಟಿಲು ಹಾರಿ ಹತ್ತಿದ. ಡ್ರೈವರನ ಕಿವಿಗೆ ಬಾಯಿ ಹಚ್ಚಿ ಸಣ್ಣ ದನಿಯಲ್ಲಿ ಅಂದ, "ಗಾಡಿ ಹೊಂಟೈತ್ರಿ."

ಡ್ರೈವರ ಬೆಚ್ಚಿ ಬಿದ್ದ. "ಯಾಂವೋ ನೀ! ಹೊಡ್ಯಾಕತ್ತಾಂವ ನಾನಽ ಅಲ್ಲೇನೋ!"

"ಹೌದ್ರಿ. ಅದಕ್ಕಽ ನಿಮಗಽ ಹೇಳಾಕ ಬಂದೆ."

ಖಾನಾವಳಿಯಲ್ಲಿ ಇಂಜಿನ್ನಿನ ಕೂಗು ಕೇಳಿಸಿತು. ಎಲ್ಲರೂ ದಿಬ್ಬಕ್ಕೆ ಓಡಿದರು. ಸಾಹೇಬನ ಕೈಯಲ್ಲಿ ರೊಟ್ಟಿ, ನೀಲಗಂಗವ್ವನ ಕೈಯಲ್ಲಿ ಹಿಟ್ಟು.

"ನನ್ನ ಗಾಡಿ!" ಅಂದ ಸಾಹೇಬ.

"ನನ್ನ ಮಗ!" ಅಂದಳು ನೀಲಗಂಗವ್ವ.

ಇಂಜಿನ್ನಿನ ಬಾಗಿಲಲ್ಲಿ ಅಡಿವೆಪ್ಪ ನಿಂತಿದ್ದ. ತಾಯಿಯ ಕಡೆ ನೋಡಿ ಏನೋ ಹೇಳುತ್ತಿದ್ದ. ತುಟಿ ಅಲ್ಲಾಡುತ್ತಿತ್ತು, ಮಾತು ಕೇಳಿಸಲಿಲ್ಲ. ಸಣ್ಣ ದನಿಯಲ್ಲಿ ಹೇಳು ಅಂದಿದ್ದಳಲ್ಲ.

ಸಾಹೇಬ ಸಿಡುಕಿದ, ಮಾಸ್ತರರು ಬೆವೆತರು, ತಾರು ಹೊಡೆದರು. ಮುಂದಿನ ಸ್ಟೇಶನ್ನಿನಿಂದ ಉತ್ತರ ಬಂತು: "ಹಣೆಗೆ ಪಟ್ಟಿ ಕಟ್ಟಿದ ಮೀಸೆಯವನೊಬ್ಬನನ್ನು ಇಂಜಿನ್ನಿನಿಂದ ಎತ್ತಿ ಇಳಿಸಿದ್ದೇವೆ. ನಾನು ತಾರು ಓದುತ್ತಿದ್ದೇನೆಂದು ನನ್ನ ಕಿವಿಯಲ್ಲೇ ಹೇಳುತ್ತಿದ್ದಾನೆ. ನಿಮ್ಮವನೇ?"

"ನಮ್ಮವನಽ," ಅಂದರು ಮಾಸ್ತರರು. ಬೆಳಗಿನ ಗಾಡಿಗೆ ಹತ್ತಿಸಿ ಕಳಿಸಿ ಅಂತ ತಿರುಗಿ ತಾರು ಹೊಡೆದರು.

ನೀಲಗಂಗವ್ವ ಮಾಸ್ತರರ ಬಾಗಿಲು ಬಿಟ್ಟು ಕದಲಲಿಲ್ಲ. "ಈಗ ಎಲ್ಲದಾನ್ರಿ?"

"ಅಲ್ಲೇ ಅದಾನವಾ. ಈಗಷ್ಟಽ ತಾರು ಬಂತಲ್ಲ."

"ಅದು ತಾರು ಬಂದಾಗಿನ ಮಾತು ಮಾಸ್ತರ. ಹಳೇದಾತು. ಈಗ? ಈಗ ಉಂಡಾನೇನು? ಈಗ ಯಾರ ಕಿವಿಗೆ ಬಾಯಿ ಹಚ್ಚಿ ಯಾರ ಕಡಿಂದ ಬಡಸ್ಕೊಳ್ಳಾಕತ್ತಾನ?"

ಮಾಸ್ತರರು ಮತ್ತೆ ತಾರಿನ ಯಂತ್ರದ ಮುಂದೆ ಕೂತರು.

ಸಂಜೆ ಸಾಹೇಬನಿಗೆ ಮತ್ತೆ ಹಸಿವಾಯಿತು. ಕರಿಕಟ್ಟಿಯಲ್ಲಿ ಇನ್ನೆಲ್ಲಿಗೆ ಹೋಗುವುದು? ದಿಬ್ಬ ಹತ್ತಿ ಬಂದ. ನೀಲಗಂಗವ್ವ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು, ಬಡಿಸಿದಳು. ಸಾಹೇಬ ಮೂರನೆಯ ರೊಟ್ಟಿಗೆ ತಣ್ಣಗಾದ, ನಾಲ್ಕನೆಯದಕ್ಕೆ ನಕ್ಕ.

"ನೋಡಮ್ಮಾ, ಈ ಹೊಸ ಇಂಜಿನ್ನು ಯಾರ ಹೊಟ್ಟೆಗೂ ಕಾಯೋದಿಲ್ಲ. ನನಗೇ ಕಾಯಲಿಲ್ಲ. ಇನ್ನು ಮಂದಿ ದಿಬ್ಬ ಹತ್ತಿ ಬಂದು ಉಣ್ಣೋದು ಆಗದ ಮಾತು. ರೊಟ್ಟಿಯೇ ಗಾಡಿ ಹತ್ತಿರ ಬರಬೇಕು. ನಾಳೆಯಿಂದಲೇ ಪ್ಲಾಟ್‌ಫಾರ್ಮಿನ ಮೇಲೆ ಒಲೆ ಹೂಡು. ಜಾಗ ಕೊಟ್ಟಿದ್ದೇನೆ."

ಎಷ್ಟು ದಿನ ಕಾದ ಮಾತು! ನೀಲಗಂಗವ್ವ ಕೈಮುಗಿದಳು. "ಪುಣ್ಯಾ ಬರಲಿ ಸಾಹೇಬ್ರ," ಅಂದಳು. ಆದರೆ ಕಿವಿ ತಾರಿನ ಕಟಕಟ ಸದ್ದಿನ ಕಡೆಗೇ ಇತ್ತು.

ಬೆಳಗಾಯಿತು. ಪ್ಲಾಟ್‌ಫಾರ್ಮಿನ ಮೇಲೆ ನೀಲಗಂಗವ್ವನ ಒಲೆ ಹೊಗೆಯಾಡಿತು. ಅರಿವೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಎದೆಗೆ ಅವಚಿಕೊಂಡು ನಿಂತಳು. ಊರಿಗೆ ಊರೇ ಬಂದು ನಿಂತಿತು. ಬೆಣಿ ಬಡಿ ಅಂದಿದ್ದ ಅತ್ತೆ ಸೊಸೆಯೂ ಬಂದಿದ್ದರು. ಒಂದು ದಿನ ದಿಬ್ಬದ ಮೇಲೆ ದನಿ ಇಲ್ಲದ್ದಕ್ಕೆ ಅವರಿಗೂ ಊಟ ರುಚಿಸಿರಲಿಲ್ಲ.

ಗಾಡಿ ಬಂತು. ಕಿಟಕಿಯಲ್ಲಿ ಮೀಸೆ!

"ಅವ್ವಾ! ಈಗ ನಾ ಬಂದೇನಿ!"

"ಬಂದಿ ನನ್ನಪ್ಪಾ! ಬಾ! ಇಳಿ!"

"ಈಗ ಕರಿಕಟ್ಟ್ಯಾಗ ಅದೇನಿ! ಈಗ ನಿನ್ನ ಮಾರಿ ಕಾಣಾಕತ್ತೈತಿ! ಮಾಸ್ತರ ಹಸಿರು ನಿಶಾನಿ ತಗದ್ರು!"

"ಜೋರಾಗೇ ಹೇಳಪ್ಪಾ, ಎಷ್ಟರ ಹೇಳು, ಮೊದಲ ಇಳಿಯೋ!"

"ಸಾಹೇಬ್ರು ಹತ್ತಿದ್ರು! ಈಗ ಸೀಟಿ ಆತು! ಈಗ ಗಾಡಿ ಅಲುಗಿತು!"

"ಇಳಿಯೋ ಖೋಡಿ! ಕಾಲು ಹಾಕೋ ಕೆಳಗ!"

"ಹೆಂಗ ಹಾಕ್ಲಿ? ಬರೇ ಹೇಳು, ಕೈಕಾಲು ಹಾಕಬ್ಯಾಡ ಅಂತ ನೀನಽ ಅಂದೀಯಲ್ಲವಾ!"

ಗಾಡಿ ಹೊರಟೇ ಬಿಟ್ಟಿತು. ನೀಲಗಂಗವ್ವ ಜೊತೆಗೇ ಓಡಿದಳು, ಓಡುತ್ತಲೇ ರೊಟ್ಟಿಯ ಗಂಟನ್ನು ಕಿಟಕಿಯೊಳಗೆ ಎಸೆದಳು.

"ಈಗ ರೊಟ್ಟಿ ಬಂತು! ಬಿಸಿ ಐತಿ! ಈಗ ನೀ ಅಳಾಕತ್ತೀದಿ! ಅಲ್ಲಲ್ಲ, ಈಗ ನಗಾಕತ್ತೀದಿ!"

ಪ್ಲಾಟ್‌ಫಾರ್ಮು ಮುಗಿಯಿತು. ಅವಳು ನಿಂತಳು. ಮಾಸ್ತರರು ಇನ್ನೊಂದು ತಾರು ಹೊಡೆಯಲು ಒಳಗೆ ಓಡಿದರು. ಕಡೆಯ ಡಬ್ಬಿ ಹಳ್ಳದ ಸೇತುವೆ ದಾಟಿತು, ತಿರುವಿನಲ್ಲಿ ಬಾಗಿತು. ಅಲ್ಲಿಂದ, ಮೈಯೆಲ್ಲ ಕಿಟಕಿಯಾಚೆ ಚಾಚಿ, ರೊಟ್ಟಿ ಹಿಡಿದ ಕೈ ಎತ್ತಿ, ಅಡಿವೆಪ್ಪ ಹೊಟ್ಟೆಯೊಳಗಿನ ದನಿಯನ್ನೆಲ್ಲ ತೆಗೆದು ಒದರಿದ:

"ಅವ್ವಾ! ಈಗ ನಾ ಹೇಳೂದು ನಿನಗ ಕೇಳಸೂದಿಲ್ಲವ್ವೋ!"

ನೀಲಗಂಗವ್ವನಿಗೆ ಅದು ಚಂದಾಗಿ ಕೇಳಿಸಿತು.